ಐದನೇ ನಿಮಿಷದ ವೋಟು

ಜೂನ್ 3

ಲಿಫ್ಟ್ ಮೇಸ್ತ್ರಿಗಳಿಗೆ,

ನೀವು ಹೊಸಬರ ಕೋಣೆಗೆ ಸೇರಿದ್ದು ನೋಡಿದೆ. ಈ ಜಾಲತಾಣದಲ್ಲಿ ಬರೆಯಲು ಹೊಸದಾಗಿ ಬಂದವರಿಗೆ ಮೊದಲ ಎರಡು ತಿಂಗಳು ಒಬ್ಬೊಬ್ಬ ಹಳಬರನ್ನು ಜೊತೆ ಮಾಡುತ್ತಾರೆ. ನಿಮ್ಮ ಪಾಲಿಗೆ ಬಂದವಳು ನಾನು. ಇಲ್ಲಿ ನನ್ನನ್ನು ಗುಂಡುಸೂಜಿ ಅನ್ನುತ್ತಾರೆ. ನಿನ್ನೆ ನೀವು 'ಗುರುಗಳೇ' ಎಂದು ಬರೆದಿದ್ದೀರಿ, ದಯವಿಟ್ಟು ಬೇಡ. ನನಗೆ ಇಪ್ಪತ್ತು ವರ್ಷ. ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ ಶಾಲೆ ಬಿಟ್ಟೆ. ಮೂರು ವರ್ಷದಲ್ಲಿ ಐದು ಕೆಲಸ ಬಿಟ್ಟಿದ್ದೇನೆ. ಈಗ ಇರುವುದು ಆರನೆಯದು, ಒಂದು ಲಾಂಡ್ರಿಯ ಕೌಂಟರು.

ಮೊದಲು ಫೋಟೋ ವಿಷಯ. ಹೆಸರು, ತಾರೀಖು ಬರೆದ ಕಾಗದ ಹಿಡಿದು ಫೋಟೋ ಹಾಕಿ ಅನ್ನುವುದು ನೀವು ನಿಜವಾದ ಮನುಷ್ಯ ಅಂತ ಗೊತ್ತಾಗಲಿ ಎಂದು. ನೀವು ಕಾಗದವನ್ನು ಮುಖಕ್ಕೇ ಅಡ್ಡ ಹಿಡಿದಿದ್ದೀರಿ. ಕಾಗದ ಚೆನ್ನಾಗಿ ಬಂದಿದೆ. ನೀವು ಬಂದಿಲ್ಲ. ಇನ್ನೊಮ್ಮೆ ತೆಗೆಯಿರಿ.

ಇಲ್ಲಿನ ಲೆಕ್ಕ ಇಷ್ಟೇ: ನೀವು ಬರೆಯುತ್ತೀರಿ, ಓದಿದವರಿಗೆ ಇಷ್ಟವಾದರೆ ವೋಟು ಹಾಕುತ್ತಾರೆ, ವೋಟಿಗೆ ಪಾಯಿಂಟು ಸಿಗುತ್ತದೆ, ಪಾಯಿಂಟು ಸೇರಿದರೆ ಕೈಗೆ ಸ್ವಲ್ಪ ಕಾಸು. ಹಳಬರ ವೋಟಿಗೆ ತೂಕ ಜಾಸ್ತಿ, ಹೊಸಬರದಕ್ಕೆ ಕಡಿಮೆ. ಟ್ಯಾಗ್ ಅಂದರೆ ಏನು ಅಂತ ಕೇಳಿದ್ದೀರಿ. ನಮ್ಮಲ್ಲಿ ಒಗೆಯಲು ಬರುವ ಪ್ರತಿ ಬಟ್ಟೆಗೂ ನಂಬರು ಬರೆದ ಚೀಟಿ ಚುಚ್ಚುತ್ತೇವೆ. ಚೀಟಿ ಬಿದ್ದುಹೋದ ಅಂಗಿ ಎಷ್ಟೇ ಒಳ್ಳೆಯದಾಗಿರಲಿ, ಯಾರ ಕೈಗೂ ಸೇರದೆ ಮೂಲೆಯ ಬುಟ್ಟಿಯಲ್ಲಿ ಬಿದ್ದಿರುತ್ತದೆ. ನಿಮ್ಮ ಬರಹಕ್ಕೂ ಚೀಟಿ ಚುಚ್ಚಿ. ಅಷ್ಟೇ ಟ್ಯಾಗು.

ನನ್ನ ಜೊತೆ ಹಾಕಿದ ಹತ್ತು ಜನರಲ್ಲಿ ಎಂಟು ಜನ ಮೊದಲ ತಿಂಗಳೇ ಬಿಟ್ಟುಹೋದರು. ಮುಚ್ಚಿಟ್ಟು ಏನು ಪ್ರಯೋಜನ ಅಂತ ಹೇಳುತ್ತಿದ್ದೇನೆ.

ಗುಂಡುಸೂಜಿ

ಜೂನ್ 5

ಗುಂಡುಸೂಜಿ ಅವರಿಗೆ,

ಫೋಟೋ ಮತ್ತೆ ತೆಗೆದೆ. ತೆಗೆದುಕೊಡಲು ಯಾರೂ ಇರಲಿಲ್ಲ, ಲಿಫ್ಟಿನ ಕನ್ನಡಿಯಲ್ಲಿ ತೆಗೆದೆ. ಅಕ್ಷರ ಉಲ್ಟಾ ಬಂದಿದೆ. ಮುಖ ಸರಿಯಾಗಿದೆ. ನಡೆಯುತ್ತದೆಯೇ?

ಪಾಯಿಂಟಿನ ಲೆಕ್ಕ ತಲೆಗೆ ಹತ್ತಲಿಲ್ಲ, ಅದಕ್ಕಾಗಿ ಬಂದವನೂ ಅಲ್ಲ. ಬಂದ ಕಾರಣ ಹೇಳಿಬಿಡುತ್ತೇನೆ. ನನಗೆ ಒಬ್ಬ ತಮ್ಮ ಇದ್ದಾನೆ, ಆರು ವರ್ಷ ಚಿಕ್ಕವನು. ಹದಿನೇಳು ವರ್ಷ ನಾವಿಬ್ಬರೂ ಜೋಡಿಯಾಗಿ ಲಿಫ್ಟ್ ರಿಪೇರಿ ಮಾಡಿದೆವು. ನಾನು ಮೇಲೆ ಮಷಿನ್ ರೂಮಿನಲ್ಲಿ, ಅವನು ಕೆಳಗೆ ಲಿಫ್ಟಿನ ನೆತ್ತಿಯ ಮೇಲೆ. ಈಗ ಹನ್ನೊಂದು ವರ್ಷದಿಂದ ಮಾತಿಲ್ಲ. ಅವನಿಗೆ ಒಂದು ಕಾಗದ ಬರೆಯಬೇಕು. 'ತಮ್ಮನಿಗೆ' ಎಂದು ಬರೆದ ಕೂಡಲೇ ಪೆನ್ನು ನಿಂತುಬಿಡುತ್ತದೆ. ಸರ್ವಿಸ್ ರಿಪೋರ್ಟು ಬಿಟ್ಟು ಬೇರೇನೂ ಬರೆದವನಲ್ಲ ನಾನು. ಎಣ್ಣೆ ಹಾಕಿದೆ, ಬೋಲ್ಟು ಬಿಗಿ ಮಾಡಿದೆ, ಸಹಿ. ಐವತ್ತನಾಲ್ಕು ವರ್ಷಕ್ಕೆ ಬರೆಯುವುದು ಕಲಿಯಲು ಶಾಲೆಗೆ ಸೇರಿಸಿಕೊಳ್ಳುವುದಿಲ್ಲವಲ್ಲ, ಇಲ್ಲಿಗೆ ಬಂದೆ.

ಇನ್ನೊಂದು ಮಾತು. ಮೊದಲ ಬರಹ ಹಾಕಿ ಗಡಿಯಾರ ನೋಡುತ್ತಾ ಕೂತಿದ್ದೆ. ಸರಿಯಾಗಿ ಐದು ನಿಮಿಷಕ್ಕೆ ನಿಮ್ಮ ವೋಟು ಬಂತು. ಕೈಯಲ್ಲಿದ್ದ ಕೆಲಸ ಬಿಟ್ಟು ಓದಿದಿರಲ್ಲ! ನಮ್ಮ ಮನೆಯಲ್ಲಿ ನನಗೆ ಉತ್ತರ ಕೊಡುವುದು ಕುಕ್ಕರ್ ಒಂದೇ.

ಲಿಫ್ಟ್ ಮೇಸ್ತ್ರಿ

ಜೂನ್ 9

ಮೇಸ್ತ್ರಿಗಳೇ,

ಫೋಟೋ ನಡೆಯುತ್ತದೆ. ಬರಹ ನಡೆಯುವುದಿಲ್ಲ. 'ಲಿಫ್ಟ್ ಎಂಬುದು ಒಂದು ಉಪಯುಕ್ತ ಯಂತ್ರ' ಎಂದು ಶುರು ಮಾಡಿದ್ದೀರಿ. ಇಂಥ ಸಾಲುಗಳ ಕಾಟಕ್ಕೇ ನಾನು ಶಾಲೆ ಬಿಟ್ಟಿದ್ದು. ಲಿಫ್ಟು ಉಪಯುಕ್ತ ಅಂತ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ನಿಮಗೆ ಮಾತ್ರ ಗೊತ್ತಿರುವುದು ಏನು, ಅದನ್ನು ಬರೆಯಿರಿ. ಮಷಿನ್ ರೂಮಿನಲ್ಲಿ ಕೂತರೆ ಏನು ಕೇಳಿಸುತ್ತದೆ? ಕೆಳಗೆ ನಿಂತವರು ಏನು ಬೈಯುತ್ತಾರೆ? ನಾಲ್ಕೈದು ಸಾಲಿಗೆ ಒಮ್ಮೆ ಜಾಗ ಬಿಡಿ, ಓದುವವರು ಉಸಿರಾಡಬೇಕು.

ಬೇರೆಯವರ ಬರಹಕ್ಕೆ ಹೋಗಿ 'ಚೆನ್ನಾಗಿದೆ' ಎಂದು ಒಂದೇ ಪದ ಬಿಸಾಡಿ ಬರಬೇಡಿ. ಓದಿದ್ದೀರಿ ಅನ್ನುವುದು ಗೊತ್ತಾಗುವ ಹಾಗೆ ಏನಾದರೂ ಬರೆಯಿರಿ. ಇಲ್ಲಿ ಎಲ್ಲರೂ ಕಾಯುವುದು ಅದಕ್ಕೇ.

ತಮ್ಮನ ವಿಷಯ ಓದಿದೆ. ಕಲಿಸುವಷ್ಟು ನನಗೆ ಗೊತ್ತಿಲ್ಲ. ದಿನಾ ಬರೆದರೆ ಕೈ ತಾನೇ ಬರುತ್ತದೆ.

ಗುಂಡುಸೂಜಿ

ಜೂನ್ 16

ಗುಂಡುಸೂಜಿ ಅವರಿಗೆ,

ನೀವು ಹೇಳಿದ ಹಾಗೆ ಬರೆದೆ. ಏನೂ ಕೆಲಸವಿಲ್ಲದೆ ದಿನಕ್ಕೆ ಎಂಟು ಸಲ ಲಿಫ್ಟಿನಲ್ಲಿ ಓಡಾಡುವ ಆರನೇ ಮಹಡಿಯ ಅಜ್ಜಿಯ ವಿಷಯ. ನಲವತ್ತೊಂದು ವೋಟು ಬಂತು! ಒಬ್ಬರಂತೂ 'ಮೇಸ್ತ್ರೀ, ಆ ಅಜ್ಜಿಗೆ ನನ್ನ ನಮಸ್ಕಾರ ಹೇಳಿ' ಎಂದು ಬರೆದಿದ್ದರು. ಹೇಳಿದೆ. ಅಜ್ಜಿ, “ಯಾರಪ್ಪಾ ಅದು, ಎಷ್ಟನೇ ಮಹಡಿ?” ಅಂದರು.

ಎಲ್ಲಕ್ಕಿಂತ ಮೊದಲು ನಿಮ್ಮದೇ ವೋಟು, ಐದನೇ ನಿಮಿಷಕ್ಕೆ. ನಾನು ಊಟದ ಹೊತ್ತಿಗೆ ಬರಹ ಹಾಕುತ್ತಿದ್ದೇನೆ ಅನ್ನುವುದು ಆಮೇಲೆ ಹೊಳೆಯಿತು. ನೀವು ಅನ್ನ ಬಿಟ್ಟು ಓದುತ್ತಿದ್ದೀರೇನೋ. ಇನ್ನು ಮೇಲೆ ನಾಲ್ಕು ಗಂಟೆಗೆ ಹಾಕುತ್ತೇನೆ. ಆ ಹೊತ್ತಿಗೆ ಕೌಂಟರಿನಲ್ಲಿ ಗಿರಾಕಿ ಕಡಿಮೆ ಇರಬಹುದು.

ತಮ್ಮನ ವಿಷಯ ಪೂರ್ತಿ ಹೇಳಿರಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಕಟ್ಟುಪಾಡು ಇದೆ. ಮೇಲಿನವನು ಸ್ವಿಚ್ಚು ಹಾಕುವ ಮೊದಲು “ಹಾಕ್ಲಾ?” ಎಂದು ಕೂಗಬೇಕು. ಕೆಳಗಿನವನು “ಸರಿ” ಅಂದರೆ ಮಾತ್ರ ಹಾಕಬೇಕು. ಆ ದಿನ ನಾನು ಕೂಗಿದೆ, ಅವನು ಸರಿ ಅಂದ, ಹಾಕಿದೆ. ಆದರೂ ಏನೋ ಆಗಿಹೋಯಿತು. ಅವನ ಬಲಗೈ ಹಗ್ಗ ಮತ್ತು ಗಾಲಿಯ ನಡುವೆ ಇತ್ತು. ಮೂರು ಬೆರಳು ಹೋದವು. ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ ಗೋಡೆ ಕಡೆ ತಿರುಗಿದವನು ಇನ್ನೂ ತಿರುಗಿಯೇ ಇದ್ದಾನೆ.

ಲಿಫ್ಟ್ ಮೇಸ್ತ್ರಿ

ಜೂನ್ 21

ಮೇಸ್ತ್ರಿಗಳೇ,

ಅಜ್ಜಿಯ ಬರಹ ಬಹಳ ಚೆನ್ನಾಗಿತ್ತು. 'ಬಾಗಿಲು ತೆರೆದಾಗಲೆಲ್ಲ ಅಜ್ಜಿ ತಲೆಗೂದಲು ಸರಿಮಾಡಿಕೊಳ್ಳುತ್ತಾರೆ' ಅನ್ನುವ ಸಾಲು ಕೌಂಟರಿನಲ್ಲಿ ನಿಂತಾಗಲೂ ನೆನಪಾಗುತ್ತಿತ್ತು.

ಬೆರಳು ಹೋದ ಘಟನೆಯನ್ನೇ ಒಂದು ಬರಹ ಮಾಡಿ. ಚೆನ್ನಾಗಿ ಓಡುತ್ತದೆ, ಮೊದಲ ಪುಟಕ್ಕೂ ಬರಬಹುದು. 'ಕೆಲಸದ ಕಥೆ' ಅನ್ನುವ ಟ್ಯಾಗ್ ಚುಚ್ಚಿ.

ನನಗೀಗ ಹದಿನಾಲ್ಕು ಹೊಸಬರು. ಲಾಂಡ್ರಿಯಲ್ಲಿ ಇನ್ನೊಬ್ಬಳು ಕೆಲಸ ಬಿಟ್ಟಳು, ಅವಳ ಕೌಂಟರೂ ನನ್ನದೇ. ಸಂಜೆ ಅಪ್ಪ ಫೋನ್ ಮಾಡಿ, “ಈಗ ಯಾವ ಕೆಲಸ?” ಅಂತ ಕೇಳಿದರು. ಅದೇ ಅಂದೆ. “ಇನ್ನೂ ಅದೇನಾ!” ಅಂತ ಅವರಿಗೇ ಗಾಬರಿ.

ಗುಂಡುಸೂಜಿ

ಜೂನ್ 24

ಗುಂಡುಸೂಜಿ ಅವರಿಗೆ,

ಅದು ಓಡಿಸುವ ವಿಷಯವಲ್ಲ. ಈ ತಾಣದಲ್ಲಿ ಅದನ್ನು ಹೇಳಿದ್ದು ನಿಮಗೆ ಒಬ್ಬರಿಗೆ.

ತಮ್ಮನ ವಿಳಾಸ ಸಿಕ್ಕಿದೆ. ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಕೊಟ್ಟ. ಕಾಗದ ಬರೆಯುವ ಬದಲು ನೇರವಾಗಿ ಹೋಗಿಬಿಡಲೇ ಅನ್ನಿಸುತ್ತಿದೆ. ಹೋದರೆ ಏನು ಮಾತಾಡಬೇಕು ಗೊತ್ತಿಲ್ಲ. ನೀವೇನು ಹೇಳುತ್ತೀರಿ?

ಲಿಫ್ಟ್ ಮೇಸ್ತ್ರಿ

ಜೂನ್ 27

ಮೇಸ್ತ್ರಿಗಳೇ,

ಬೇಜಾರು ಮಾಡಿಕೊಳ್ಳಬೇಡಿ, ಎರಡು ಸಾಲು ಮಾತ್ರ ಬರೆಯುತ್ತಿದ್ದೇನೆ. ಹದಿನಾಲ್ಕು ಜನಕ್ಕೂ ಬೇರೆ ಬೇರೆ ಕಾಗದ ಬರೆಯಲು ಆಗುತ್ತಿಲ್ಲ. ಸ್ವಲ್ಪ ದಿನ ಏನಿದ್ದರೂ ಬರಹದಲ್ಲೇ ಹಾಕಿ, ಅಲ್ಲೇ ನೋಡುತ್ತೇನೆ.

ಗುಂ.

ಜುಲೈ 8

ಗುಂಡುಸೂಜಿ ಅವರಿಗೆ,

ನೀವು ಹೇಳಿದ ಹಾಗೆ ಭಾನುವಾರ ಹೋಗಿಬಂದೆ.

ಎರಡು ಬಸ್ಸು ಬದಲಾಯಿಸಿದೆ. ಮೂರನೇ ಮಹಡಿ, ಲಿಫ್ಟಿಲ್ಲದ ಕಟ್ಟಡ. ಲಿಫ್ಟ್ ಇರುವ ಕಟ್ಟಡದಲ್ಲಿ ಮನೆ ಬೇಡ ಅಂತ ಅವನೇ ಹುಡುಕಿ ಹಿಡಿದಿರಬೇಕು. ಪ್ರತಿ ತಿರುವಿನಲ್ಲೂ ನಿಂತು ನಿಮ್ಮ ವೋಟನ್ನು ನೆನೆಸಿಕೊಂಡೆ. ಓದಿದವರೊಬ್ಬರು ಹೋಗು ಅಂದಿದ್ದಾರೆ, ನಾನು ಒಬ್ಬನೇ ಬಂದಿಲ್ಲ ಅಂದುಕೊಂಡು ಹತ್ತಿದೆ.

ತಮ್ಮನೇ ಬಾಗಿಲು ತೆರೆದ. ಕೂದಲು ಪೂರ್ತಿ ಬೆಳ್ಳಗಾಗಿದೆ, ನನಗಿಂತ ಹೆಚ್ಚು. ಬಲಗೈ ಬಾಗಿಲ ಹಿಂದೆಯೇ ಇಟ್ಟುಕೊಂಡಿದ್ದ. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು, ನೀರಿನ ಸದ್ದು ನಿಂತಿತು.

“ಯಾರು ಹೇಳಿದ್ರು ನಿನಗೆ, ಬಾ ಅಂತ?” ಅಂದ.

“ನನ್ನ ಬರಹ ಓದೋರೊಬ್ಬರು” ಅಂದೆ. ಎಷ್ಟು ಪೆದ್ದಾಗಿ ಕೇಳಿಸಿತು ಅಂತ ಹೇಳಿದ ಮೇಲೆ ಗೊತ್ತಾಯಿತು.

“ಏನು ಹೇಳ್ಬೇಕು ಹೇಳು.”

“ಅವತ್ತು ಏನೋ ಆಗಿಹೋಯ್ತು ಕಣೋ” ಅಂದೆ.

“ಇನ್ನೂ ಅದನ್ನೇ ಹೇಳ್ತಿದೀಯಲ್ಲಣ್ಣ” ಅಂದ. ಬಾಗಿಲು ಹಾಕಿಕೊಂಡ. ಜೋರಾಗಿ ಅಲ್ಲ. ಮೆಲ್ಲಗೆ, ಚಿಲಕ ಕೂಡ ಸದ್ದಾಗದ ಹಾಗೆ.

ಅಣ್ಣ ಅಂದನಲ್ಲ ಅಂತ ಇಳಿಯುವಾಗ ಲೆಕ್ಕ ಹಾಕಿಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ಆ ಲೆಕ್ಕವೂ ತಪ್ಪಿತು.

ಆದರೂ ನಿಮ್ಮ ಮೇಲೆ ಬೇಸರವಿಲ್ಲ. ಕೇಳಿದಾಗ ಉತ್ತರ ಕೊಟ್ಟಿರಿ. ಇಷ್ಟು ವರ್ಷದಲ್ಲಿ ಯಾರೂ ಕೊಟ್ಟಿರಲಿಲ್ಲ.

ಲಿಫ್ಟ್ ಮೇಸ್ತ್ರಿ

ಜುಲೈ 9

ಮೇಸ್ತ್ರಿಗಳೇ,

ನಾನು ಯಾವಾಗ ಹೋಗಿ ಅಂದೆ? ಕಾಗದಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಎಲ್ಲೂ ಇಲ್ಲ. ನೀವು ಯಾವ ವೋಟಿನ ವಿಷಯ ಹೇಳುತ್ತಿದ್ದೀರಿ?

ಗುಂಡುಸೂಜಿ

ಜುಲೈ 10

ಮೇಸ್ತ್ರಿಗಳೇ,

ಸಿಕ್ಕಿತು. ಜುಲೈ ಎರಡರ ಬರಹ. ಅದನ್ನು ಇವತ್ತು ಮೊದಲ ಸಲ ಓದಿದೆ.

'ಇದನ್ನು ಒಬ್ಬರಿಗಾಗಿ ಬರೆಯುತ್ತಿದ್ದೇನೆ. ಅದು ತಾವು ಅಂತ ಅವರಿಗೆ ಗೊತ್ತು. ಭಾನುವಾರ ತಮ್ಮನ ಮನೆಗೆ ಹೋಗಲೇ? ಹೋಗಿ ಅನ್ನಿಸಿದರೆ ವೋಟು ಹಾಕಿ. ಬೇಡ ಅನ್ನಿಸಿದರೆ ಸುಮ್ಮನಿರಿ, ನನಗೆ ಅರ್ಥವಾಗುತ್ತದೆ.'

ಕೆಳಗೆ ನನ್ನ ವೋಟು ಇದೆ. ಐದನೇ ನಿಮಿಷಕ್ಕೆ. ಅದನ್ನು ನಾನು ಹಾಕಿಲ್ಲ.

ಹೊಸಬರು ಬರಹ ಹಾಕಿದ ಐದು ನಿಮಿಷಕ್ಕೆ ನನ್ನ ವೋಟು ತಾನಾಗಿಯೇ ಬೀಳುವ ಹಾಗೆ ಮಾಡಿಟ್ಟಿದ್ದೆ. ಕೋಣೆಯ ಹಳಬರೆಲ್ಲ ಹಾಗೇ ಮಾಡುತ್ತಾರೆ. ಮೊದಲ ದಿನವೇ ಸೊನ್ನೆ ನೋಡಿ ಹೊಸಬರು ಓಡಿಹೋಗದಿರಲಿ ಅಂತ. ನಿಮ್ಮ ಇಪ್ಪತ್ತೆರಡು ಬರಹದಲ್ಲಿ ನಾನು ಓದಿದ್ದು ಎಂಟು. ಅಜ್ಜಿಯದ್ದು ಓದಿದ್ದೆ. ಇದನ್ನು ಓದಿರಲಿಲ್ಲ. ಆ ದಿನ ನಾಲ್ಕು ಗಂಟೆಗೆ ನಾನು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಪೆಟ್ಟಿಗೆಯ ಮುಂದೆ, ಯಾರದೋ ಮೂವತ್ತು ಬಿಳಿ ಕೋಟುಗಳ ನಡುವೆ ಇದ್ದೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ನಾನು ಕಾದು ಕೂತು ಓದುತ್ತೇನೆ ಅಂತ ನೀವು ಜೂನ್ ಐದಕ್ಕೇ ಬರೆದಿದ್ದಿರಿ. ನನಗಾಗಿ ಬರಹದ ಹೊತ್ತು ಬದಲಾಯಿಸಿದಿರಿ. ಎರಡೂ ಸಲ ಓದಿದೆ, ಎರಡೂ ಸಲ ತಿದ್ದಲಿಲ್ಲ. ಮರೆತು ಅಲ್ಲ. ನಾನು ಊಟ ಮಾಡುವುದು ಒಬ್ಬಳೇ, ನೀರಿನ ಬಾಟಲಿಗೆ ಫೋನ್ ಒರಗಿಸಿಟ್ಟುಕೊಂಡು. ನನ್ನ ಅನ್ನ ಆರಿಹೋಗುತ್ತದೆ ಅಂತ ಯಾರೋ ಒಬ್ಬರು ಯೋಚಿಸಿದ್ದು ಹಿತವಾಗಿತ್ತು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ನಾನೇ ಮಾಡಿದ್ದು. ಯಾರೂ ಮಾಡಿಸಲಿಲ್ಲ, ತಾನಾಗಿ ಆಗಲೂ ಇಲ್ಲ. ನೀವು ಕ್ಷಮಿಸಬೇಕು ಅಂತ ಬರೆಯುತ್ತಿಲ್ಲ, ನಿಜ ಏನು ಅಂತ ನಿಮಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಓದಿದ್ದರೆ ಏನು ಹೇಳುತ್ತಿದ್ದೆ ಅಂತ ನೀವು ಕೇಳಬಹುದು. ಹೋಗಬೇಡಿ ಅನ್ನುತ್ತಿದ್ದೆ. ಮೊದಲು ಕಾಗದ ಬರೆಯಿರಿ ಅನ್ನುತ್ತಿದ್ದೆ. ಇದನ್ನು ಬರೆಯದೆ ಬಿಟ್ಟಿದ್ದರೆ ನಿಮಗೆ ಕಡಿಮೆ ನೋವಾಗುತ್ತಿತ್ತೇನೋ.

ಗುಂಡುಸೂಜಿ

ಜುಲೈ 19

ಮೇಸ್ತ್ರಿಗಳೇ,

ನಿಮ್ಮ ಉತ್ತರ ಬಂದಿಲ್ಲ. ಬರಬೇಕು ಅಂತೇನೂ ಇಲ್ಲ.

ತಾನಾಗಿ ಬೀಳುವ ವೋಟನ್ನು ಎಲ್ಲರಿಗೂ ನಿಲ್ಲಿಸಿದೆ. ಈಗ ಓದಿಯೇ ಹಾಕುತ್ತೇನೆ. ದಿನಕ್ಕೆ ಮೂರು ಬರಹ ಓದಲು ಆಗುತ್ತದೆ, ಜಾಸ್ತಿ ಆಗುವುದಿಲ್ಲ. ಹಾಗಾಗಿ ನನ್ನ ಹೊಸಬರಿಗೆ ಪಾಯಿಂಟು ಇಳಿದುಹೋಗಿದೆ, ಐದು ಜನ ಬಿಟ್ಟರು. ಕೋಣೆ ನೋಡಿಕೊಳ್ಳುವ ಅಕ್ಕ ಫೋನ್ ಮಾಡಿ ಬೈದರು. “ನಿನ್ನ ಪ್ರಾಮಾಣಿಕತೆನ ಆ ಹೊಸಬರು ಉಪ್ಪು ಹಾಕ್ಕೊಂಡು ನೆಕ್ತಾರೇನೇ? ಅವರಿಗೆ ಬೇಕಿರೋದು ವೋಟು ಕಣೆ, ನೀನಲ್ಲ!” ಅಂದರು. ಅವರ ಮಾತೂ ಸುಳ್ಳಲ್ಲ. ಬಿಟ್ಟುಹೋದ ಐದು ಜನರಲ್ಲಿ ಒಬ್ಬರೂ ನಾನು ಓದಿದೆನೋ ಇಲ್ಲವೋ ಅಂತ ಕೇಳಲಿಲ್ಲ.

ನೀವು ಬರೆಯುವುದನ್ನು ನಿಲ್ಲಿಸಿದ್ದೀರಿ. ನಾನು ಓದದೆ ಬಿಟ್ಟ ಹದಿನಾಲ್ಕನ್ನು ಈಗ ಓದುತ್ತಿದ್ದೇನೆ, ದಿನಕ್ಕೆ ಒಂದು. ಇವತ್ತು ನಾಲ್ಕು ವರ್ಷದಿಂದ ಮಾತಿಲ್ಲದ ಅಕ್ಕಪಕ್ಕದ ಮನೆಯ ಇಬ್ಬರ ಬರಹ. ಇಬ್ಬರೂ ಒಂದೇ ಲಿಫ್ಟಿನಲ್ಲಿ ನಿಂತು, ಬದಲಾಗುವ ನಂಬರನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ ಅಂತ ಬರೆದಿದ್ದೀರಿ. ನಗು ಬಂತು, ಆಮೇಲೆ ನಿಂತುಹೋಯಿತು.

ಗುಂಡುಸೂಜಿ

ಆಗಸ್ಟ್ 2

ಮೇಸ್ತ್ರಿಗಳೇ,

ಹದಿನಾಲ್ಕೂ ಮುಗಿಯಿತು. ಕೊನೆಗೆ ಉಳಿದಿದ್ದು ಲಿಫ್ಟಿನ ಗೋಡೆಯ ಮೇಲೆ ಯಾರೋ ತಾಯಿ ಮಗುವಿನ ಎತ್ತರಕ್ಕೆ ಗೆರೆ ಹಾಕುತ್ತಾ ಬಂದಿದ್ದು. ಅದನ್ನು ಅಳಿಸಿ ಅಂತ ಕಟ್ಟಡದ ಮ್ಯಾನೇಜರು ಹೇಳಿದಾಗ ನೀವು ಸಾಬೂನು ನೀರಿನಲ್ಲಿ ಗೆರೆಯ ಸುತ್ತಲೂ ಒರೆಸಿ ಬಂದಿದ್ದು. ಇದನ್ನು ಜೂನ್ ಇಪ್ಪತ್ತೈದಕ್ಕೆ ಬರೆದಿದ್ದೀರಿ. ಆ ದಿನ ನನಗೆ ಜ್ವರ ಇತ್ತು, ಮಲಗಿದ್ದೆ. ಕೈಯಲ್ಲೇ ಫೋನ್ ಇತ್ತು. ಓದಬಹುದಿತ್ತು.

ಹೊಸಬರ ಕೋಣೆಯಿಂದ ನನ್ನನ್ನು ತೆಗೆದರು. ಮೊದಲಿನ ಹಾಗಾದರೆ ಹೋಗಲಿ ಬಿಡು ಅಂತ ಇನ್ನೊಂದು ಕಡೆ ಹಾರುತ್ತಿದ್ದೆ. ಈ ಸಲ ಎಲ್ಲಿಗೆ ಅಂತ ತೋಚಲಿಲ್ಲ. ಆ ಕೋಣೆಯಲ್ಲಿನ ನನ್ನ ಕಾಗದದ ಪೆಟ್ಟಿಗೆಯೂ ತಿಂಗಳ ಮಧ್ಯಕ್ಕೆ ಮುಚ್ಚುತ್ತದೆ. ಕೆಳಗೆ ಲಾಂಡ್ರಿಯ ವಿಳಾಸ ಬರೆದಿದ್ದೇನೆ. ಬರೆಯಲೇಬೇಕು ಅಂತಲ್ಲ. ಇರಲಿ ಅಂತ.

ಗುಂಡುಸೂಜಿ

ಆಗಸ್ಟ್ 21

ಗುಂಡುಸೂಜಿಗೆ,

ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಒತ್ತಿ ಬರೆದರೆ ಹಿಂದಿನ ಪುಟಕ್ಕೂ ಮೂಡುತ್ತದೆ. ಸಹಿಸಿಕೊಳ್ಳಿ. ಆ ತಾಣಕ್ಕೆ ಇನ್ನು ಬರುವುದಿಲ್ಲ.

ಮೊದಲು ಕೋಪ ಬಂತು. ಅದಕ್ಕಿಂತ ಹೆಚ್ಚು ನಾಚಿಕೆ. ಇಪ್ಪತ್ತೆರಡು ಸಲ ಗಡಿಯಾರ ನೋಡುತ್ತಾ ಕೂತಿದ್ದೆನಲ್ಲ, ಆ ಮನುಷ್ಯನ ಮುಖ ನನಗೇ ನೋಡಲಾಗಲಿಲ್ಲ. ಎರಡು ವಾರ ಫೋನ್ ತೆರೆಯಲಿಲ್ಲ. ಆಮೇಲೆ ನಿಮ್ಮ ಜುಲೈ ಹತ್ತರ ಕಾಗದ ಮತ್ತೆ ಓದಿದೆ. ಎಷ್ಟು ಸಲ ಅಂತ ಲೆಕ್ಕವಿಟ್ಟಿಲ್ಲ. ತಪ್ಪನ್ನು ಹಾಗೆ ನೇರವಾಗಿ ಬರೆಯಬಹುದು ಅಂತ ನನಗೆ ಗೊತ್ತಿರಲಿಲ್ಲ.

ನಾನು ನಿಮಗೆ ಸುಳ್ಳು ಹೇಳಿದ್ದೇನೆ. ತಮ್ಮ ಅವತ್ತು 'ಸರಿ' ಅನ್ನಲಿಲ್ಲ. ನಾನು ಕೂಗಿದ್ದು ನಿಜ. ಕಾಯಲಿಲ್ಲ. ಕೆಳಗೆ ಜನ ಸೇರಿದ್ದರು, ಮ್ಯಾನೇಜರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದ, ಹಾಕಿಬಿಟ್ಟೆ. ಕಂಪನಿಯ ವಿಚಾರಣೆಯಲ್ಲಿ 'ಅವನು ಸರಿ ಅಂದ' ಎಂದು ಬರೆದು ಸಹಿ ಮಾಡಿದೆ. ಅವನು ಆಗ ಆಸ್ಪತ್ರೆಯಲ್ಲಿದ್ದ. ಅವನದೇ ಅಜಾಗ್ರತೆ ಅಂತ ತೀರ್ಮಾನವಾಯಿತು, ಅವನ ಕೆಲಸ ಹೋಯಿತು, ನನ್ನದು ಉಳಿಯಿತು. ಹನ್ನೊಂದು ವರ್ಷ ಎಲ್ಲರಿಗೂ ಅದನ್ನೇ ಹೇಳಿದೆ. ಅವನ ಬಾಗಿಲಲ್ಲಿ ನಿಂತು ಅವನಿಗೂ ಅದನ್ನೇ ಹೇಳಲು ಹೋದೆ. ಯಾರೂ ಕೊಡದ ಉತ್ತರದ ಮೇಲೆ ನೀವು ನನ್ನನ್ನು ಕಳಿಸಿದಿರಿ ಅಂತ ಕೋಪ ಮಾಡಿಕೊಳ್ಳಲು ನಾನು ಯಾರು?

ಆಗಸ್ಟ್ ಐದಕ್ಕೆ ತಮ್ಮನಿಗೆ ಕಾಗದ ಬರೆದೆ. ಒಂದೂವರೆ ಪುಟ. ಅದರಲ್ಲಿ ಮೂರು ಸಾಲು ನಿಮ್ಮವು, 'ನಾನೇ ಮಾಡಿದ್ದು' ಅನ್ನುವಲ್ಲಿಂದ. ನನ್ನ ಮಾತಿನಲ್ಲಿ ಬರೆಯಲು ನೋಡಿದೆ, ಪ್ರತಿ ಸಲವೂ 'ಏನೋ ಆಗಿಹೋಯಿತು' ಅಂತಲೇ ಬರುತ್ತಿತ್ತು. ಕೊನೆಗೆ ನಿಮ್ಮದನ್ನೇ ಇಳಿಸಿದೆ. 'ಈ ಮೂರು ಸಾಲು ಇನ್ನೊಬ್ಬರದು, ನನ್ನ ಕೈಯಲ್ಲಿ ಆಗಲಿಲ್ಲ' ಅಂತ ಕೆಳಗೆ ಬರೆದಿದ್ದೇನೆ. ಕೇಳದೆ ತೆಗೆದುಕೊಂಡೆ.

ಒಂದು ಪ್ರತಿಯನ್ನು ಕಂಪನಿಗೂ ಕೊಟ್ಟೆ. ಹಳೆಯ ಫೈಲು ತೆರೆದಿದ್ದಾರೆ. ಅದು ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಅಂದಿದ್ದಾರೆ. ಉಪಕರಣದ ಚೀಲ ವಾಪಸು ಕೊಟ್ಟು ಬಂದೆ. ಈಗ ಹಗಲಿಡೀ ಮನೆಯಲ್ಲೇ. ಇಷ್ಟು ವರ್ಷ ಈ ಕೋಣೆಗೆ ಮಧ್ಯಾಹ್ನ ಯಾವ ಕಿಟಕಿಯಿಂದ ಬಿಸಿಲು ಬರುತ್ತದೆ ಅಂತಲೂ ನನಗೆ ಗೊತ್ತಿರಲಿಲ್ಲ.

ನಿನ್ನೆ ಒಂದು ಕಾರ್ಡು ಬಂತು. ಮೇಲೆ ನನ್ನ ವಿಳಾಸ, ಹಿಂದೆ ಒಂದೇ ಮಾತು. 'ಓದಿದೆ.' ಬಾ ಅಂತಿಲ್ಲ. ಬರಬೇಡ ಅಂತಲೂ ಇಲ್ಲ.

ಅಕ್ಷರ ಅವನದಲ್ಲ ಅನ್ನಿಸಿತು. ಅವನದು ದುಂಡಗೆ, ಸಾಲು ನೆಟ್ಟಗೆ ಇರುತ್ತಿತ್ತು. ಇದು ಎಡಕ್ಕೆ ವಾಲಿದೆ, ಒಂದಕ್ಕಿಂತ ಒಂದು ದೊಡ್ಡದು. ಹೆಂಡತಿಯ ಕೈಯಲ್ಲಿ ಬರೆಸಿದ್ದಾನೆ ಅಂದುಕೊಂಡು ಪಕ್ಕಕ್ಕಿಟ್ಟೆ. ಬೆಳಿಗ್ಗೆ ಕಿಟಕಿಯ ಹತ್ತಿರ ಹಿಡಿದು ನೋಡಿದರೆ ಶಾಯಿ ಕದಡಿದೆ. ಒಂದು ಅಕ್ಷರ ಬರೆದು ಮುಂದಿನದಕ್ಕೆ ಹೋಗುವಾಗ, ಬರೆಯುವ ಕೈಯೇ ಹಿಂದಿನದರ ಮೇಲೆ ಉಜ್ಜಿಕೊಂಡು ಹೋಗಿದೆ. ಬಲಗೈಯಲ್ಲಿ ಬರೆದರೆ ಹಾಗಾಗುವುದಿಲ್ಲ.

ಅವನು ಎಡಗೈಯಲ್ಲಿ ಬರೆಯುವುದು ಕಲಿತಿದ್ದಾನೆ. ಯಾವಾಗ ಕಲಿತ, ಎಷ್ಟು ದಿನ ಹಿಡಿಯಿತು, ಯಾರು ಪಕ್ಕದಲ್ಲಿ ಕೂತಿದ್ದರು, ನನಗೊಂದೂ ಗೊತ್ತಿಲ್ಲ.

ಲಿಫ್ಟ್ ಮೇಸ್ತ್ರಿ